ಐದನೇ ರೀಲಿನ ದನಿ

ಗೋರೆಗಾಂವ, ಮುಂಬಯಿ
12 ಜನವರಿ 2024

ಪ್ರೀತಿಯ ನೀಲಾ,

ಕಾಗದ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಸಾಯಬೇಕಾದವಳು ನಾನೊಬ್ಬಳೇ, ಅದೂ ಸೀರಿಯಲ್ಲಿನಲ್ಲಿ. ಮೂರು ತಿಂಗಳಿಂದ ನನ್ನನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ್ದಾರೆ. ಪ್ರತಿ ಶನಿವಾರ ಇನ್ನೇನು ಜೀವ ಹೋಯಿತು ಅನ್ನುವಾಗ ಸೋಮವಾರ ಮತ್ತೆ ಕಣ್ಣು ತೆರೆಸುತ್ತಾರೆ. ಅಜ್ಜಿ ಸತ್ತರೆ ನೋಡುವವರು ಕಡಿಮೆಯಾಗುತ್ತಾರಂತೆ. ದಿನಕ್ಕೆ ಹನ್ನೆರಡು ತಾಸು ಬಣ್ಣ ಹಚ್ಚಿಕೊಂಡು ಸಾಯುತ್ತಿದ್ದೇನೆ. ಸಾಯುವುದು ಇಷ್ಟು ದಣಿವಿನ ಕೆಲಸ ಅಂತ ಗೊತ್ತಿರಲಿಲ್ಲ.

ನಿನಗೆ ಆರು ಸಲ ಫೋನು ಮಾಡಿದೆ. ಆರು ಸಲವೂ ನಿನ್ನ ಸೊಸೆ ಸ್ನೇಹಲ ಎತ್ತಿಕೊಂಡು "ಆಯಿ ಝೋಪಲ್ಯಾತ" ಅಂದಳು. ಹಗಲು ಹನ್ನೊಂದಕ್ಕೆ ಯಾರು ಮಲಗುತ್ತಾರೆ? ಚಾದರದ ವ್ಯಾಪಾರಿಯ ಹೆಂಡತಿ, ಅಂಗಡಿಯ ಚಾದರ ಎಲ್ಲ ತಾನೇ ಹೊದ್ದುಕೊಂಡಿರಬೇಕು ಅಂದುಕೊಂಡೆ. ನಿನ್ನ ಮಗ ಶೈಲೇಶನ ಮದುವೆಯಲ್ಲಿ ನಿನ್ನನ್ನು ನೋಡಿದ್ದು. ಒಂಬತ್ತು ವರ್ಷವಾಗುತ್ತ ಬಂತು.

ಈಗ ವಿಷಯಕ್ಕೆ ಬರುತ್ತೇನೆ. "ದಗಡಾಚೀ ಊಬ" ನೆನಪಿದೆಯಲ್ಲ? ಎಂಬತ್ತೇಳರ ನನ್ನ ಮರಾಠಿ ಚಿತ್ರ. ನನಗೆ ದೊಡ್ಡ ಪ್ರಶಸ್ತಿ ತಂದುಕೊಟ್ಟಿದ್ದು. ಅದರ ಹಳೆಯ ರೀಲುಗಳು ನಿರ್ಮಾಪಕರ ಗೋಡೌನಿನಲ್ಲಿ ಸಿಕ್ಕಿವೆ. ನಿತಿನ ಅನ್ನುವವನೊಬ್ಬ ಹಳೆಯ ಚಿತ್ರಗಳನ್ನು ಶುಚಿ ಮಾಡಿ ಹೊಸದಾಗಿ ಮಾಡುತ್ತಾನೆ, ನಲವತ್ತರ ಆಸುಪಾಸಿನ ಗಂಭೀರ ಮನುಷ್ಯ. ಚಿತ್ರವೆಲ್ಲ ಉಳಿದಿದೆ. ಆದರೆ ಐದನೇ ರೀಲಿನ ಧ್ವನಿಯ ಪಟ್ಟಿ ಅಂಟಂಟಾಗಿ ಒಂದಕ್ಕೊಂದು ಕೂಡಿಕೊಂಡು ಹಾಳಾಗಿದೆ. ಹತ್ತು ನಿಮಿಷ ನಾನು ಬಾಯಿ ಆಡಿಸುತ್ತೇನೆ, ಮಾತು ಬರುವುದಿಲ್ಲ. ನಾನು ಆಡಿದ ಹೀರಾಬಾಯಿ ತವರುಮನೆಗೆ ಹೋಗುತ್ತಾಳಲ್ಲ, ಅದೇ ರೀಲು.

ಆ ದನಿ ನಿನ್ನದು. ಎರಡು ದಿನ ಬಂದು ಮತ್ತೆ ಕೊಟ್ಟು ಹೋಗು. ವಯಸ್ಸಾದ ದನಿಯನ್ನು ಎಳೆಯದು ಮಾಡುವ ಯಂತ್ರ ಇದೆಯಂತೆ, ನನ್ನ ಮೊಣಕಾಲಿಗೂ ಅಂಥದ್ದು ಇದೆಯಾ ಅಂತ ಕೇಳಿದೆ, ನಿತಿನ ನಗಲಿಲ್ಲ. ಜುಲೈಯಲ್ಲಿ ಮೊದಲ ಪ್ರದರ್ಶನ ಸೊಲ್ಲಾಪುರದಲ್ಲೇ ಇಡುತ್ತಾರೆ. ಅದಕ್ಕೆ ಮೇ ತಿಂಗಳ ಕೊನೆಯೊಳಗೆ ದನಿ ಆಗಬೇಕು.

ನಿನ್ನ ಯಜಮಾನರಿಗೆ, ಸಿದ್ದರಾಮಪ್ಪನವರಿಗೆ ನಮಸ್ಕಾರ ತಿಳಿಸು. ಫೋನು ಎತ್ತು.

ನಿನ್ನ ಅಕ್ಕ,
ಸಕ್ಕು


ಸೊಲ್ಲಾಪುರ
29 ಜನವರಿ 2024

ಅಕ್ಕನಿಗೆ ನಮಸ್ಕಾರಗಳು.

ಕಾಗದ ಬಂತು. ಇಲ್ಲಿ ಎಲ್ಲ ಕ್ಷೇಮ. ಇವರಿಗೆ ಸಕ್ಕರೆ ಕಾಯಿಲೆ ಸ್ವಲ್ಪ ಏರಿದೆ. ಶೈಲೇಶ ಅಂಗಡಿ ನೋಡಿಕೊಳ್ಳುತ್ತಾನೆ.

ಮುಂಬಯಿಗೆ ಬರಲು ಆಗುವುದಿಲ್ಲ. ಮನೆ ಬಿಡುವ ಹಾಗಿಲ್ಲ. ಮುಂಬಯಿಯಲ್ಲಿ ಎಷ್ಟೋ ಹುಡುಗಿಯರು ದನಿ ಕೊಡುತ್ತಾರೆ, ಯಾರನ್ನಾದರೂ ಕರೆಸು. ನಾನು ಸಿಟ್ಟಾಗಿಲ್ಲ. ಫೋನು ಮಾಡಬೇಡ, ಸ್ನೇಹಲಳಿಗೆ ಸುಮ್ಮನೆ ತ್ರಾಸು. ಫೋನಿನಲ್ಲಿ ಮಾತಾಡುವ ಉಮೇದಿ ನನಗೆ ಉಳಿದಿಲ್ಲ. ಹೇಳುವುದಿದ್ದರೆ ಬರೆ. ಈ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ ಉಳಿದಿದ್ದೇನೆ, ನಿನ್ನ ಕಾಗದ ಬಂದರೆ ಅಷ್ಟಾದರೂ ಓದಿದ ಹಾಗಾಯಿತು.

ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು.

ನೀಲಗಂಗಾ


ಗೋರೆಗಾಂವ
11 ಫೆಬ್ರವರಿ 2024

ನೀಲಾ,

ಸಿಟ್ಟಾಗಿಲ್ಲ ಅಂತ ಬರೆದವರೇ ಸಿಟ್ಟಾಗಿರುತ್ತಾರೆ. ನಲವತ್ತು ವರ್ಷ ಸಿಟ್ಟು, ಅಳು, ಬೇಸರ ಎಲ್ಲವನ್ನೂ ಆಡಿ ತೋರಿಸಿ ಉಂಡವಳು ನಾನು. ಹತ್ತು ಸಾಲಿನ ಕಾಗದದಲ್ಲಿ ಸಿಟ್ಟು ಗುರುತಿಸಲು ಬರದೇ?

ನಿನ್ನ ಸಿಟ್ಟಿನ ಕಾರಣವೂ ನನಗೆ ಗೊತ್ತು. ಹೆಸರು. ಹನ್ನೊಂದು ಚಿತ್ರಕ್ಕೆ ನಿನ್ನ ದನಿ, ಒಂದರಲ್ಲೂ ನಿನ್ನ ಹೆಸರಿಲ್ಲ. ಪ್ರಶಸ್ತಿಯ ಕಾಗದದಲ್ಲಿ "ಮಾತಿನ ಏರಿಳಿತದಲ್ಲೇ ಒಂದು ಬದುಕನ್ನು ಕಟ್ಟಿದ ಉಜ್ವಲಾ" ಅಂತ ಬರೆದಿದ್ದರು. ನಾನು ವೇದಿಕೆಯ ಮೇಲೆ ನಿಂತು ಕೈ ಮುಗಿದೆ. ಆದರೆ ನೆನಪು ಮಾಡಿಕೋ, ಹೆಸರು ಬೇಡ ಅಂದವಳು ನೀನು. "ನಮ್ಮ ಅತ್ತೀಗೆ ಗೊತ್ತಾದ್ರ ಹೊಸ್ತಿಲ ದಾಟಿಸೂದಿಲ್ಲ ಅಕ್ಕಾ, ಇವರಿಗೂ ಹೇಳಬ್ಯಾಡ" ಅಂತ ನನ್ನ ಕೈ ಹಿಡಿದು ಹೇಳಿದ್ದೆ. ಅಕ್ಕಲಕೋಟೆಯ ಕನ್ನಡ ಸಾಲಿಯಲ್ಲಿ ಕಲಿತ ನನ್ನ ಮರಾಠಿ ಕೇಳಿ ಮೊದಲನೇ ಡೈರೆಕ್ಟರು "ಚೆಹರಾ ಛಾನ, ಭಾಷಾ ಕಾನಡೀ", ಮುಖ ಚಂದ, ಮಾತು ಕನ್ನಡದ್ದು ಅಂದಾಗ, ಪುಣೆಯ ಮಾವಶಿ, ಅವ್ವನ ತಂಗಿಯ ಮನೆಯಲ್ಲಿ ಓದಿದ ನಿನ್ನನ್ನು ಕರೆಸಿದೆ. ಇಬ್ಬರದೂ ಅವ್ವನ ದನಿಯೇ, ನಿನ್ನ ಮರಾಠಿ ಮಾತ್ರ ಚೊಕ್ಕ. ಅದರಲ್ಲಿ ನಾನು ಮಾಡಿದ ಪಾಪ ಏನು?

ಇರಲಿ. ನಿನ್ನ ಅತ್ತೆ ಈಗ ಇಲ್ಲ. ನಿತಿನನಿಗೆ ಎಲ್ಲ ಹೇಳಿದ್ದೇನೆ. ಪರದೆಯ ಮೇಲೆ ನನ್ನ ಹೆಸರಿನ ಕೆಳಗೇ, ಅಷ್ಟೇ ದೊಡ್ಡ ಅಕ್ಷರದಲ್ಲಿ "ಧ್ವನಿ: ನೀಲಗಂಗಾ" ಅಂತ ಹಾಕುತ್ತಾನೆ. ಈಗಲಾದರೂ ಬರುತ್ತೀಯಾ?

ಮೇಕಪ್ಪಿನವಳು ಬಂದಳು. ಇವತ್ತು ನನಗೆ ಮತ್ತೆ ಪ್ರಜ್ಞೆ ತಪ್ಪುವುದಿದೆ.

ಸಕ್ಕು


ಸೊಲ್ಲಾಪುರ
3 ಮಾರ್ಚ್ 2024

ಅಕ್ಕಾ,

ಮೂರು ವಾರ ಸುಮ್ಮನಿದ್ದೆ, ಉತ್ತರ ಬರೆಯಬಾರದು ಅಂತಲೇ. ಆದರೆ ಆ "ಹೆಸರು" ಅನ್ನುವ ಮಾತು ತಲೆಯಿಂದ ಹೋಗಲೊಲ್ಲದು.

ನಿನಗೆ ಎಲ್ಲವೂ ಹೆಸರೇ. ಸಕ್ಕುಬಾಯಿ ಅಂದರೆ ಹಳ್ಳಿಯವಳು ಅನ್ನುತ್ತಾರೆ ಅಂತ ಉಜ್ವಲಾ ಆದೆ. ಪೇಪರಿನಲ್ಲಿ ಹೆಸರು ಬಂದರೆ ಬದುಕಿದೆ, ಬರದಿದ್ದರೆ ಸತ್ತೆ. ಜಗತ್ತೆಲ್ಲ ಹಾಗೇ ಇದೆ ಅಂದುಕೊಂಡಿದ್ದೀಯ. ನನಗೆ ಹೆಸರು ಆಗಲೂ ಬೇಕಿರಲಿಲ್ಲ, ಈಗಲೂ ಬೇಡ. ಹಾಕಿದರೆ ನನ್ನ ಆಣೆ.

ನಾನು ಯಾಕೆ ಬರುತ್ತಿದ್ದೆ ಗೊತ್ತೇನು ನಿನಗೆ? ಎಂಬತ್ನಾಲ್ಕರಲ್ಲಿ ಅಪ್ಪ ಹೋದ ಮೇಲೆ ನನಗೆ ತವರು ಅಂತ ಉಳಿದಿದ್ದು ನೀನು. ಅಣ್ಣತಮ್ಮಂದಿರಿಲ್ಲ. ಎಂಬತ್ತೈದರ ನಾಗರ ಪಂಚಮಿಗೆ ನಿನ್ನ ಕಾಗದ ಬಂತು, "ನೀಲಾ, ಪಂಚಮಿಗೆ ನನ್ನಲ್ಲಿ ಬಾ" ಅಂತ. ನಮ್ಮ ಅತ್ತೆ ಎಷ್ಟೇ ಗಡಸು ಇದ್ದರೂ ಪಂಚಮಿಗೆ ತವರಿನ ಕರೆ ಬಂದರೆ ಇಲ್ಲ ಅನ್ನುತ್ತಿರಲಿಲ್ಲ. "ಸಿನಿಮಾದಾಕಿ ಆದ್ರೂ ಆಕಿ ನಿನ್ನ ಅಕ್ಕ. ತವರಿನ ಕರಿ ತಪ್ಪಿಸಬಾರದು, ಹೋಗಿ ಬಾ" ಅನ್ನುತ್ತಿದ್ದರು. ಶೇಂಗಾದ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಕಟ್ಟಿಕೊಂಡು ರೈಲು ಹತ್ತಿ ಬಂದೆ. ನೀನು ದಾದರದಲ್ಲಿ ಇಳಿಸಿಕೊಂಡು ಸೀದಾ ಎಲ್ಲಿಗೆ ಕರೆದುಕೊಂಡು ಹೋದೆ? ಗೋಡೆಗೆ ಗೋಣಿ ಬಡಿದ ಆ ಕೋಣೆಗೆ.

ಹನ್ನೊಂದು ಪಂಚಮಿ, ಅಕ್ಕಾ. ಊರಿನ ಹೆಣ್ಣುಮಕ್ಕಳೆಲ್ಲ ಜೋಕಾಲಿ ಜೀಕುವಾಗ ನಾನು ಕಿವಿಗೆ ಡಬ್ಬಿ ಸಿಕ್ಕಿಸಿಕೊಂಡು ನಿನ್ನ ತುಟಿ ನೋಡುತ್ತ ನಿಂತಿದ್ದೆ. ಉಂಡಿಯ ಕಾಗದ ಬಿಚ್ಚಿದರೆ ಸಪ್ಪಳವಾಗುತ್ತದೆ ಅಂತ ಆ ಧ್ವನಿಯವನು ಬೈದಿದ್ದ. ಆದರೂ ಬರುತ್ತಿದ್ದೆ, ಯಾಕೆಂದರೆ ನೀನು ಕರೆಯುತ್ತಿದ್ದೆ. ಸಂಜೆ ನಿನ್ನ ಮನೆಯಲ್ಲಿ ನೀನು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅಷ್ಟಕ್ಕೆ ವರ್ಷವೆಲ್ಲ ಕಾಯುತ್ತಿದ್ದೆ ನಾನು.

ತೊಂಬತ್ತಾರರಲ್ಲಿ ನೀನೇ ಮರಾಠಿ ಮಾತಾಡಲು ಶುರು ಮಾಡಿದೆ. ಒಳ್ಳೆಯದಾಯಿತು. ಆದರೆ ಆ ವರ್ಷ ಪಂಚಮಿಯ ಕಾಗದ ಬರಲಿಲ್ಲ. ನಾನು ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದೆ. ಅತ್ತೆ ಕೇಳಿದರು, "ಯಾಕವಾ ನೀಲಾ, ಈ ಸಲ ಕರೀಲಿಲ್ಲೇನು?" "ಅಕ್ಕನ ಶೂಟಿಂಗ್ ಐತ್ರಿ" ಅಂದೆ. ಮುಂದಿನ ವರ್ಷವೂ ಅದನ್ನೇ ಅಂದೆ. ಅತ್ತೆ ಸಾಯುವವರೆಗೆ ಅಂದೆ. ಅವರು ಹೋದ ಮೇಲೆ ಸ್ನೇಹಲ ಕೇಳಿದಾಗ ಅವಳಿಗೂ ಅಂದೆ. ಇಪ್ಪತ್ತೆಂಟು ಪಂಚಮಿ ಹೋದವು. ಕರೆಯದೆ ತವರಿಗೆ ಹೋಗುವ ಹೆಣ್ಣು ನಾನಲ್ಲ, ನೀನೂ ಅಲ್ಲ, ಅವ್ವ ನಮ್ಮನ್ನು ಹಾಗೆ ಬೆಳೆಸಲಿಲ್ಲ.

ಈಗ ಐದನೇ ರೀಲಿಗೆ ದನಿ ಬೇಕಾಗಿದೆ, ಈಗ ನೀಲಾ ನೆನಪಾಗಿದ್ದಾಳೆ.

ಸಾಕು. ಕೈ ನೋಯುತ್ತದೆ.

ನೀಲಗಂಗಾ


ಗೋರೆಗಾಂವ
20 ಏಪ್ರಿಲ್ 2024

ನೀಲಾ,

ಒಂದೂವರೆ ತಿಂಗಳು ನಿನ್ನ ಕಾಗದ ಚೀಲದಲ್ಲಿಟ್ಟುಕೊಂಡು ಸೆಟ್ಟಿಗೂ ಮನೆಗೂ ತಿರುಗಿದೆ. ನಾಲ್ಕು ಸಲ ಉತ್ತರ ಬರೆದು ಹರಿದೆ. ನಾಲ್ಕರಲ್ಲೂ ನಾನು ಒಳ್ಳೆಯವಳಾಗಿ ಕಾಣುತ್ತಿದ್ದೆ.

ನನಗೆ ಹೊಳೆದೇ ಇರಲಿಲ್ಲ. ಅದೇ ನಿಜ, ಅದೇ ಕೆಟ್ಟದ್ದು. ಕೆಲಸ ನಿಂತಿತು, ಕರೆಯುವುದು ನಿಂತಿತು, ಎರಡೂ ಬೇರೆ ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ನಾನು ಮದುವೆಯಾಗಲಿಲ್ಲ. ತವರಿಗೆ ಕಾಯುವುದು ಅಂದರೇನು ಅಂತ ನನಗೆ ಯಾರೂ ಕಲಿಸಲಿಲ್ಲ. ಇದು ನೆಪ ಅಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಇನ್ನೊಂದು ಮಾತು ಇದೆ. ಯಾರಿಗೂ ಹೇಳಿಲ್ಲ. ತೊಂಬತ್ತೈದರಲ್ಲಿ ಒಬ್ಬ ವಿಮರ್ಶಕ ಪೇಪರಿನಲ್ಲಿ ಬರೆದ, ಉಜ್ವಲಾಳ ಮುಖ ಮರೆತು ಹೋಗಬಹುದು, ಆಕೆಯ ದನಿ ಮರೆಯುವುದಿಲ್ಲ ಅಂತ. ಅದನ್ನು ಓದಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸ್ವಂತ ತಂಗಿಯ ಮೇಲೆ. ಮರುದಿನವೇ ಒಬ್ಬ ಮಾಸ್ತರರನ್ನು ಇಟ್ಟುಕೊಂಡು ಎಂಟು ತಿಂಗಳು ಮರಾಠಿ ಉಚ್ಚಾರ ತಿದ್ದಿಸಿಕೊಂಡೆ. ನಿನಗೆ ತ್ರಾಸು ಕೊಡಬಾರದು ಅಂತ ಎಲ್ಲರಿಗೂ ಹೇಳಿದೆ. ನಿನ್ನ ಬಾಯಿ ಮುಚ್ಚಿಸಬೇಕಾಗಿತ್ತು, ಅಷ್ಟೇ. ಆಮೇಲೆ ಇಪ್ಪತ್ತು ಚಿತ್ರ ಮಾಡಿದೆ. ಒಂದಕ್ಕೂ ಪ್ರಶಸ್ತಿ ಬರಲಿಲ್ಲ. ಈಗ ಅಜ್ಜಿಯಾಗಿ ಮಲಗಿದ್ದೇನೆ, ನನಗೆ ಮಾತೇ ಇಲ್ಲ, ನರಳುವುದಷ್ಟೇ.

ತಪ್ಪಾಯಿತು ಅಂತ ಬರೆಯುವುದು ಸುಲಭ. ಬರೆಯುತ್ತೇನೆ, ತಪ್ಪಾಯಿತು.

ಆದರೆ ಐದನೇ ರೀಲನ್ನು ಬೇರೆಯವಳ ಬಾಯಲ್ಲಿ ಕೇಳುವ ಶಕ್ತಿ ನನಗಿಲ್ಲ. ನೀನು ಮುಂಬಯಿಗೆ ಬರಬೇಡ. ನಿತಿನ ಮೇ ನಾಲ್ಕಕ್ಕೆ ಯಂತ್ರ ತೆಗೆದುಕೊಂಡು ನಿನ್ನ ಮನೆಗೇ ಬರುತ್ತಾನೆ. ಒಂದು ಕೋಣೆ, ಒಂದು ತಾಸು. ಸಿದ್ದರಾಮಪ್ಪನವರು ಅಂಗಡಿಯಲ್ಲಿರುವ ಹೊತ್ತು ನೋಡಿಯೇ ಬರಲು ಹೇಳಿದ್ದೇನೆ. ಬೇಡ ಅನ್ನಬೇಡ.

ಅಕ್ಕ


ಸೊಲ್ಲಾಪುರ
6 ಮೇ 2024

ಅಕ್ಕಾ,

ನಿತಿನ ಬಂದಿದ್ದ. ಒಳ್ಳೆಯ ಮನುಷ್ಯ. ಕೋಣೆಯ ಫ್ಯಾನು ಬಂದ್ ಮಾಡಿಸಿ, ಕಿಡಕಿಗೆ ನಮ್ಮದೇ ಅಂಗಡಿಯ ಎರಡು ಚಾದರ ಕಟ್ಟಿ, ಮೇಜಿನ ಮೇಲೆ ಮೈಕು ಇಟ್ಟ. ಹೀರಾಬಾಯಿಯ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ತಂದಿದ್ದ. "ತಯಾರ ಆಹಾತ ಕಾ, ಮಾವಶೀ?" ಅಂತ ಕೇಳಿದ.

ನಾನು ಕುತ್ತಿಗೆಯ ವಸ್ತ್ರ ತೆಗೆದು ತೋರಿಸಿದೆ.

ಎರಡು ವರ್ಷದ ಹಿಂದೆ, ಇಪ್ಪತ್ತೆರಡರ ಫೆಬ್ರವರಿಯಲ್ಲಿ, ಗಂಟಲಲ್ಲಿ ಗಂಟು ಅಂತ ಆಪರೇಶನ್ ಮಾಡಿದರು. ದನಿಯ ಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಜೀವ ಉಳಿಯಿತು. ಈಗ ಕುತ್ತಿಗೆಯಲ್ಲಿನ ತೂತಿನಿಂದ ಉಸಿರಾಡುತ್ತೇನೆ. ಹೇಳುವುದನ್ನು ಪಾಟಿಯ ಮೇಲೆ ಬರೆಯುತ್ತೇನೆ, ಸ್ನೇಹಲಳಿಗೆ ಮರಾಠಿಯಲ್ಲಿ, ಇವರಿಗೂ ಮರಾಠಿಯಲ್ಲಿ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಹಾಗಾದರೆ ಈಗ ನಾನು ಸೊಲ್ಲಾಪುರದ ದೊಡ್ಡ ಸಾವಕಾರಳು.

ಪಾಪ, ನಿತಿನ ಅಳಲು ಶುರು ಮಾಡಿದ. ಸ್ನೇಹಲ ಚಹಾ ಮಾಡಿಕೊಟ್ಟಳು. ಅವಳಿಗೆ ನನ್ನ ಹನ್ನೊಂದು ಚಿತ್ರದ ವಿಷಯ ಅವತ್ತೇ ಗೊತ್ತಾಗಿದ್ದು. "ಆಯಿ, ಹಾ ಆವಾಜ ತುಮಚಾ?" ಅಂತ ನನ್ನ ಮುಖವನ್ನೇ ನೋಡುತ್ತ ಕೂತಳು. ಈ ಮನೆಗೆ ಬಂದು ಒಂಬತ್ತು ವರ್ಷವಾದರೂ ನನ್ನನ್ನು ಮೊದಲ ಸಲ ನೋಡಿದ ಹಾಗೆ ನೋಡಿದಳು. ನಿನಗೆ ಹೇಳಬೇಡ, ನಾನೇ ಹೇಳುತ್ತೇನೆ ಅಂತ ನಿತಿನನಿಗೆ ಬರೆದು ತೋರಿಸಿದ್ದೆ. ಈಗ ಹೇಳಿದ್ದೇನೆ.

ಎರಡು ವರ್ಷ ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತಿ. ಹೇಳಿದ್ದರೆ ನೀನು ಮಾರನೇ ದಿನವೇ ಕಾರು ಮಾಡಿಕೊಂಡು ಓಡಿ ಬರುತ್ತಿದ್ದೆ. "ಅಯ್ಯ ನನ್ನ ನೀಲಾ, ನಡಿ ನನ್ನ ಮನೀಗೆ" ಅನ್ನುತ್ತಿದ್ದೆ. ನನಗೆ ಆ ಕರೆ ಬೇಡವಾಗಿತ್ತು. ದನಿ ಇದ್ದಾಗ ದನಿಗಾಗಿ ಕರೆದೆ. ದನಿ ಹೋದ ಮೇಲೆ ಪಾಪ ಅಂತ ಕರೆಯುತ್ತಿದ್ದೆ. ನಡುವೆ ಅಷ್ಟು ವರ್ಷ ಇದ್ದವಲ್ಲ, ಆಗ ಸುಮ್ಮನೆ ಕರೆಯಬೇಕಾಗಿತ್ತು.

ನಿನ್ನ ಹೊಟ್ಟೆಕಿಚ್ಚಿನ ಸುದ್ದಿ ಓದಿ ನಗು ಬಂತು. ನನ್ನ ನಗುವಿಗೂ ಈಗ ಸಪ್ಪಳವಿಲ್ಲ. ಸಿಟ್ಟು ಬಂದಿಲ್ಲ ಅಂದರೆ ನಂಬುವುದಿಲ್ಲ ನೀನು. ಬಂದಿದೆ. ಆದರೆ ಸಿಟ್ಟು ಮಾಡಲೂ ಬಲ ಬೇಕು.

ಇನ್ನು ಐದನೇ ರೀಲು. ನಿತಿನ ತೋರಿಸಿದ. ನೋಡುತ್ತಿದ್ದ ಹಾಗೆ ಹಳೆಯದೆಲ್ಲ ನೆನಪಾಯಿತು. ನಿನಗೆ ಮರಾಠಿಯಲ್ಲಿ ಅಳಲು ಬರುತ್ತಿರಲಿಲ್ಲ. ಹೇಗೂ ನೀಲಾ ದನಿ ಕೊಡುತ್ತಾಳಲ್ಲ ಅಂತ ಅಳುವ ಸೀನಿನಲ್ಲಿ ಕನ್ನಡದಲ್ಲೇ ಮಾತಾಡಿಬಿಡುತ್ತಿದ್ದೆ. ನಿನ್ನ ಕನ್ನಡದ ತುಟಿಗೆ ಮರಾಠಿ ಕೂಡಿಸುವಷ್ಟರಲ್ಲಿ ನನ್ನ ಜೀವ ಹೋಗುತ್ತಿತ್ತು. ಶೂಟಿಂಗ್ ನಡೆದ ಸಲಗರ ಬುದ್ರುಕಿನ ಆ ಮನೆಯ ಬಾಗಿಲಲ್ಲಿ ಹೀರಾಬಾಯಿ ನಿಂತು "ಬೋಲಾವಲಂ ನಾಹೀಸ, ತರೀ ಆಲೇ" ಅನ್ನುತ್ತಾಳೆ, ಅದು ನನ್ನ ದನಿ. ನಿನ್ನ ತುಟಿಗಳು ಅಂದಿದ್ದು "ಕರೀಲಿಲ್ಲ, ಆದ್ರೂ ಬಂದೀನಿ" ಅಂತ. ಹೀರಾಬಾಯಿಯ ತವರು ಗಡಿಯ ಹಳ್ಳಿ. ಅಲ್ಲಿ ಅವಳು ಅವ್ವನ ಜೋಡಿ ಮರಾಠಿ ಯಾಕೆ ಮಾತಾಡುತ್ತಾಳೆ? ಆಗಲೇ ಇದನ್ನು ಕೇಳಬೇಕಾಗಿತ್ತು, ಯಾರೂ ಕೇಳಲಿಲ್ಲ.

ಆ ರೀಲು ನೀನೇ ಮಾತಾಡು. ಕನ್ನಡದಲ್ಲೇ. ಬೇರೆ ಯಾರನ್ನೂ ಕರೆಯಬೇಡ.

ನೀಲಾ


ಗೋರೆಗಾಂವ
2 ಜೂನ್ 2024

ನೀಲಾ,

ನಿನ್ನ ಕಾಗದದ ಬಗ್ಗೆ ಏನೂ ಬರೆಯುವುದಿಲ್ಲ. ಬರೆದರೆ ಪಾಪ ಅಂದ ಹಾಗಾಗುತ್ತದೆ. ಕಾರು ಮಾಡಿಕೊಂಡು ಓಡಿ ಬರಲೂ ಇಲ್ಲ, ನೋಡಿದೆಯಲ್ಲ. ಎಷ್ಟು ಕಷ್ಟವಾಯಿತು ಅಂತ ನಿನಗೆ ಗೊತ್ತಾಗಲಿಕ್ಕಿಲ್ಲ. ಎರಡು ಸಲ ಕೆಳಗಿಳಿದು ಟ್ಯಾಕ್ಸಿಯ ತನಕ ಹೋಗಿ ತಿರುಗಿ ಬಂದೆ.

ಐದನೇ ರೀಲು ಮುಗಿಯಿತು. ಮೂರು ದಿನ ಹಿಡಿಯಿತು. ಮೂವತ್ತು ವರ್ಷದ ನನ್ನ ತುಟಿ, ಅರವತ್ತೇಳು ವರ್ಷದ ನನ್ನ ಉಸಿರು, ಎರಡೂ ಕೂಡಲೊಲ್ಲವು. ಮಾತು ಮುಗಿಯುವ ಮೊದಲೇ ದಮ್ಮು ಮುಗಿಯುತ್ತದೆ. ಎಳೆಯದು ಮಾಡುವ ಯಂತ್ರ ಹಚ್ಚಿ ಕೇಳಿಸಿದ, ನಿನ್ನ ದನಿಯೂ ಅಲ್ಲ, ನನ್ನದೂ ಅಲ್ಲ, ಯಾರೋ ಹೆಣ್ಣು. ತೆಗೆದುಹಾಕಿಸಿದೆ. ಇದ್ದ ಹಾಗೇ ಇರಲಿ ಅಂದೆ. ಮರಾಠಿ ಚಿತ್ರದ ನಡುವೆ ಹತ್ತು ನಿಮಿಷ ಕನ್ನಡ ಬಂದರೆ ಜನ ಏನನ್ನುತ್ತಾರೋ ಅಂತ ನಿತಿನ ಹೆದರಿದ. ಸೊಲ್ಲಾಪುರದವರು ಏನೂ ಅನ್ನುವುದಿಲ್ಲ, ಅವರ ಮನೆಯಲ್ಲೂ ಹಾಗೇ ನಡೆಯುತ್ತದೆ ಅಂದೆ. ಕೆಳಗೆ ಮರಾಠಿಯಲ್ಲಿ ಬರೆದು ತೋರಿಸುತ್ತಾರೆ.

ನೀನು ಆ ಕೋಣೆಯಲ್ಲಿ ಹೇಗೆ ನಿಲ್ಲುತ್ತಿದ್ದೆ? ನನಗೆ ಒಂದು ತಾಸಿಗೇ ಕಾಲು ಸೋತು ಹೋದವು. ನಿನಗೆ ಕುರ್ಚಿ ಕೊಟ್ಟಿದ್ದೆನೋ ಇಲ್ಲವೋ ನೆನಪಿಲ್ಲ. ಕೊಟ್ಟಿರಲಿಕ್ಕಿಲ್ಲ.

ಹೆಸರು ಹಾಕಿಸಿಲ್ಲ, ನಿನ್ನ ಆಣೆ ಉಳಿಸಿದ್ದೇನೆ. ಜುಲೈ ಹದಿನಾಲ್ಕು, ರವಿವಾರ, ಮಧ್ಯಾಹ್ನ ಮೂರಕ್ಕೆ ಪ್ರದರ್ಶನ. ಮೂರು ಟಿಕೀಟು ಇದರಲ್ಲಿವೆ.

ಅಕ್ಕ


ಸೊಲ್ಲಾಪುರ
17 ಜುಲೈ 2024

ಅಕ್ಕಾ,

ಮೊದಲು ಬೈಯುತ್ತೇನೆ. ನೀನು ಯಾಕೆ ಬರಲಿಲ್ಲ? ಮುಂದಿನ ಸಾಲಿನಲ್ಲಿ ನಿನ್ನ ಹೆಸರು ಅಂಟಿಸಿದ ಕುರ್ಚಿ ಖಾಲಿ ಇತ್ತು. ನಿನ್ನ ಸೀರಿಯಲ್ಲಿನ ಸಾವು ಅವತ್ತೇ ಇತ್ತು ಅಂತ ನಿತಿನ ಹೇಳಿದ. ಸಾಯಲು ಬೇರೆ ದಿನ ಸಿಗಲಿಲ್ಲವೇ ನಿನಗೆ?

ಸ್ನೇಹಲ ಹಟ ಮಾಡಿ ಇವರನ್ನೂ ಎಬ್ಬಿಸಿಕೊಂಡು ಬಂದಳು. ಇವರು ನಿನ್ನ ಚಿತ್ರ ಒಂದನ್ನೂ ನೋಡಿಲ್ಲ. ಮೊದಲು ಅತ್ತೆಯ ಹೆದರಿಕೆ, ಆಮೇಲೆ ರೂಢಿ. ಟೀವಿಯಲ್ಲಿ ಬಂದರೆ ನಾನೇ ಚಾನಲ್ಲು ಬದಲಿಸುತ್ತಿದ್ದೆ, ಯಾಕೆ ಅಂತ ನಿನಗೆ ಗೊತ್ತು. ಇವರು ಕೂತ ಕೂಡಲೇ ಕಣ್ಣು ಮುಚ್ಚಿದರು, ಊಟವಾದ ಮೇಲೆ ಇವರ ಪದ್ಧತಿ ಅದು.

ಆಮೇಲೆ ಹೀರಾಬಾಯಿ ಕುರಿಗಳನ್ನು ಕರೆಯುತ್ತ ಮರವಡೆ ಊರಿನ ದಿಬ್ಬ ಇಳಿದು ಬಂದಳು. ಅಕ್ಕಾ, ಎರಡು ವರ್ಷವಾದ ಮೇಲೆ ನನ್ನ ದನಿ ಕೇಳಿದೆ. ಅಷ್ಟು ಚಂದ ಇತ್ತೇನು ಅದು? ಇದ್ದಾಗ ನನಗೆ ಗೊತ್ತೇ ಆಗಿರಲಿಲ್ಲ. ನನ್ನ ಕೈ ತಾನಾಗಿಯೇ ಕುತ್ತಿಗೆಯ ವಸ್ತ್ರಕ್ಕೆ ಹೋಯಿತು.

ಇವರು ಕಣ್ಣು ತೆರೆದರು. ಪರದೆ ನೋಡಲಿಲ್ಲ. ನನ್ನ ಕಡೆ ತಿರುಗಿದರು. ಕತ್ತಲಲ್ಲಿ ಬಹಳ ಹೊತ್ತು ನನ್ನನ್ನೇ ನೋಡಿ, "ನೀಲಾ, ಇದು ನಿಂದ ಐತಲ್ಲಾ" ಅಂದರು. ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಹೆಂಡತಿಯ ದನಿ ಗುರುತಿಸಲು ಹೆಸರು ಬೇಕಾಗಲಿಲ್ಲ, ನೋಡು. ನಾನು ಹೌದು ಅಂತ ಗೋಣು ಹಾಕಿದೆ. ಸಿಟ್ಟಾಗುತ್ತಾರೆ ಅಂತ ಕಾದೆ. ಅವರು ನನ್ನ ಕೈ ಹಿಡಿದುಕೊಂಡು ಕೂತರು, ಎಷ್ಟು ಬಿಗಿಯಾಗಿ ಅಂದರೆ ಬಳೆ ಒತ್ತಿ ಗುರುತಾಗಿದೆ. ಕಣ್ಣು ಮುಚ್ಚಿಯೇ ಕೇಳಿದರು ಪೂರ್ತಿ ಚಿತ್ರ.

ಐದನೇ ರೀಲಿಗೆ ದನಿ ಬದಲಾಯಿತು. ಒಡೆದ ದನಿ, ದಮ್ಮು ಕಟ್ಟಿದ್ದು. ಹಿಂದಿನ ಸಾಲಿನಲ್ಲಿ ಒಬ್ಬಳು "ಆಕೀಗೆ ಥಂಡಿ ಆಗೇತಿ ಕಾಣಸ್ತದ" ಅಂದಳು. ಇನ್ನೊಬ್ಬಳು "ಏ ಸುಮ್ಕಿರ, ನಮ್ಮ ಮಾತ ಆಡಾಕತ್ತ್ಯಾಳ" ಅಂದಳು. ನೀನು ಬಾಗಿಲಲ್ಲಿ ನಿಂತು "ಕರೀಲಿಲ್ಲ, ಆದ್ರೂ ಬಂದೀನಿ" ಅಂದೆ. ಅದನ್ನು ನೀನು ಹೀರಾಬಾಯಿಗಾಗಿ ಹೇಳಲಿಲ್ಲ ಅಂತ ನನಗೊಬ್ಬಳಿಗೇ ತಿಳಿಯಿತು. ಚೊಕ್ಕ ಮರಾಠಿಯಲ್ಲಿ ನಾನು ಹೇಳಿದ್ದಕ್ಕಿಂತ ಚಲೋ ಹೇಳಿದ್ದಿ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಬರೆಯುತ್ತಿದ್ದೇನೆ.

ಮನೆಗೆ ಬಂದ ಮೇಲೆ ಇವರು ಏನೂ ಕೇಳಲಿಲ್ಲ. ಯಾಕೆ ಮುಚ್ಚಿಟ್ಟೆ, ಎಷ್ಟು ಚಿತ್ರ, ಏನೂ ಇಲ್ಲ. ಮರುದಿನ ಅಂಗಡಿಗೆ ಹೊರಟವರು ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದರು, "ಆ ಸಿನೆಮಾ ಇನ್ನೊಮ್ಮೆ ಹಾಕ್ತಾರೇನು?"

ಅವರು ಹೋದ ಮೇಲೆ ಅತ್ತುಬಿಟ್ಟೆ, ಅಕ್ಕಾ. ಎರಡು ವರ್ಷದಲ್ಲಿ ಮೊದಲ ಸಲ.

ನೀಲಾ


ಅಕ್ಕಲಕೋಟೆ
27 ಜುಲೈ 2024

ನನ್ನ ನೀಲಾ,

ಊರ ಹೆಸರು ಓದಿದೆಯಾ? ತಪ್ಪಿ ಬರೆದಿಲ್ಲ.

ಹದಿನಾಲ್ಕಕ್ಕೆ ನಾನು ಸತ್ತೆ. ಮೂರು ಟೇಕು. ಎಲ್ಲರೂ ಚಪ್ಪಾಳೆ ತಟ್ಟಿದರು, ಹಾರ ಹಾಕಿದರು. ಬಣ್ಣ ತೊಳೆದುಕೊಂಡು ಕನ್ನಡಿ ನೋಡಿದರೆ ಅವ್ವನೇ ಕೂತ ಹಾಗಿತ್ತು. ಇನ್ನು ಸಾಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ದಿನ ಬದಲಿಸಿಕೊಳ್ಳಬಹುದಿತ್ತು, ಅವರು ಕೊಡುತ್ತಿದ್ದರು. ಹೆದರಿಕೆಯಾಯಿತು. ಹತ್ತು ಕುರ್ಚಿ ಆಚೆ ನೀನು ಕೂತು ನಿನ್ನ ದನಿ ಕೇಳುವುದನ್ನು ನೋಡುವ ಧೈರ್ಯ ಬರಲಿಲ್ಲ.

ಇಲ್ಲಿ ನಮ್ಮ ಸಾಲಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಮಾಲೀಕರು ಶಾಂತಲಿಂಗಪ್ಪ ಅಂತ, ಯಾತ್ರೆಯವರಿಗೆ ಕೊಡುತ್ತಾರೆ. ನನ್ನ ಗುರುತು ಸಿಗಲಿಲ್ಲ ಅವರಿಗೆ, ಬಹಳ ಸುಖವಾಯಿತು. ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲ. ಪಡಸಾಲೆಯಲ್ಲಿ ಗಟ್ಟಿಯಾದ ತೊಲೆ ಇದೆ. ಅದನ್ನು ನೋಡಿಯೇ ಮನೆ ಹಿಡಿದೆ. ಹಗ್ಗ ತರಿಸಿರಿ ಅಂದರೆ ಒಂದು ಹಗ್ಗ ತಂದು, "ಜೋಕಾಲಿ ಯಾರಿಗ್ರಿ ಬಾಯಾರ? ಮೊಮ್ಮಕ್ಕಳು ಬರತಾರೇನ್ರಿ?" ಅಂದರು.

"ಇಲ್ಲರಿ, ನನ್ನ ತಂಗಿ ಬರತಾಳ ಪಂಚಮೀಗೆ."

"ತಂಗೀಗೆ ಎಷ್ಟ ವಯಸ್ಸರಿ?"

"ಅರವತ್ಮೂರು."

ಶಾಂತಲಿಂಗಪ್ಪನವರು ಒಳಗೆ ಹೋಗಿ, ತಂದಿದ್ದಕ್ಕಿಂತ ದಪ್ಪ ಹಗ್ಗ ತಂದರು.

ನೀಲಾ, ಪಂಚಮಿ ಆಗಸ್ಟ್ ಒಂಬತ್ತಕ್ಕೆ. ಏಳಕ್ಕೆ ನಾನು ಕರೆಯಲು ಬರುತ್ತೇನೆ. ಕಾರು ಕಳಿಸುವುದಿಲ್ಲ, ಎಸ್‌ಟಿ ಬಸ್ಸಿನಲ್ಲಿ ನಾನೇ ಬರುತ್ತೇನೆ, ಉಂಡಿಯ ಬುತ್ತಿ ಕಟ್ಟಿಕೊಂಡು, ತವರಿನವರು ಬರುವ ಹಾಗೆ. ಉಂಡಿ ಕಟ್ಟಲು ನನಗೆ ಬರುವುದಿಲ್ಲ, ಮೂರು ಸಲ ಒಡೆದು ಹೋದವು, ನಕ್ಕರೆ ನಗು. ನನಗೆ ಯಾವ ಕೆಲಸವೂ ಇಲ್ಲ. ರೀಲು ಇಲ್ಲ, ಮೈಕು ಇಲ್ಲ. ಪಾಪ ಅಂತಲೂ ಅಲ್ಲ. ನಾನು ನಿನ್ನನ್ನು ಸುಮ್ಮನೆ ಕರೆಯುತ್ತಿದ್ದೇನೆ. ನಾಲ್ಕು ದಿನ ಇದ್ದು ಹೋಗು. ತಲೆಗೆ ಎಣ್ಣೆ ಹಚ್ಚುತ್ತೇನೆ.

ಬರಲು ಮನಸ್ಸಿಲ್ಲದಿದ್ದರೂ ಬಾಗಿಲು ತೆರೆ. ಚಹಾ ಕುಡಿದು ತಿರುಗಿ ಹೋಗುತ್ತೇನೆ, ಮುಂದಿನ ಪಂಚಮಿಗೆ ಮತ್ತೆ ಬರುತ್ತೇನೆ.

ನಿನ್ನ ಸಕ್ಕು ಅಕ್ಕ


ಸೊಲ್ಲಾಪುರ
31 ಜುಲೈ 2024

ಅಕ್ಕಾ,

ಉಂಡಿಗೆ ಬೆಲ್ಲದ ಪಾಕ ಎಳೆ ಬಂದಿರಬೇಕು, ಬಿಸಿ ಇರುವಾಗಲೇ ಕಟ್ಟಬೇಕು. ನೀನು ಆರಿಸಿ ಕಟ್ಟಿರುತ್ತಿ. ಒಡೆದದ್ದನ್ನೇ ತಾ. ನನಗೆ ಈಗ ಗಟ್ಟಿಯದು ನುಂಗಲು ಆಗುವುದಿಲ್ಲ.

ಇವತ್ತು ಕಪಾಟಿನ ಮೇಲಿನಿಂದ ಚೀಲ ಇಳಿಸಿದೆ. ತೊಂಬತ್ತಾರರದೇ ಚೀಲ. ಆಗ ಸೀರೆ ತೆಗೆದು ಮಡಚಿ ಇಟ್ಟಿದ್ದೆ, ಚೀಲ ಒಗೆದಿರಲಿಲ್ಲ. ಎರಡು ಸೀರೆ ಹಾಕಿದೆ. ಕುತ್ತಿಗೆಯ ವಸ್ತ್ರ ನಾಲ್ಕು ಹಾಕಿದೆ. ಪಾಟಿಯನ್ನು ಏಳರ ಮುಂಜಾನೆ ಹಾಕುತ್ತೇನೆ, ಅಲ್ಲಿಯ ತನಕ ಬೇಕಾಗುತ್ತದೆ.

ಬಾಗಿಲ ಹಿಂದೆ ಚೀಲ ನೋಡಿ ಎಲ್ಲಿಗೆ ಹೊರಟಿರಿ ಅಂತ ಸ್ನೇಹಲ ಕೇಳಿದಳು, "ಆಯಿ, ಕುಠೇ ನಿಘಾಲಾತ?"

ಪಾಟಿ ತೆಗೆದುಕೊಂಡು ಬರೆದೆ: "ಮಾಹೇರೀ. ಅಕ್ಕ ಕರೆಯಲು ಬರುತ್ತಿದ್ದಾಳೆ."

ತವರಿಗೆ ಅನ್ನುವ ಮೊದಲಿನ ಮಾತು ಮರಾಠಿಯಲ್ಲಿ ಬಂತು, ಉಳಿದದ್ದು ಕನ್ನಡದಲ್ಲಿ ಬಂದುಬಿಟ್ಟಿತ್ತು. ಅವಳಿಗೆ ಓದಲು ಬರಲಿಲ್ಲ. ಅಳಿಸಿ ಮತ್ತೆ ಬರೆಯಲು ಹೋದೆ. ಬೇಡ ಅಂದಳು, ತಿಳಿಯಿತು ಅಂದಳು.

ನೀಲಾ